ಎಡೆ ಇಡುವ ಕೈ

ಗಾವಡಗೆರೆ
23-9-2025, ಮಂಗಳವಾರ

ಅತ್ತೆಮ್ಮನವರಿಗೆ ನಿಮ್ಮ ಸೊಸೆ ಶಾಂತಲಾಳ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಕೆ.ಆರ್. ನಗರದ ಡಾಕ್ಟರು ಕೊಟ್ಟ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ, ಬಹಳ ಚೆನ್ನಾಗಿದ್ದೇವೆ. ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಕಟ್ ಮಾಡುತ್ತೀರಲ್ಲ, ಅದಕ್ಕೇ ಈ ಕಾಗದ. ನಿಮಗೆ ಓದಲು ಬಾರದು, ನಿಮ್ಮ ಮಗಳೇ ಓದಬೇಕು. ಪವಿತ್ರಾ, ಒಂದು ಸಾಲೂ ನುಂಗದೆ ಜೋರಾಗಿ ಓದಮ್ಮ.

ಭಾನುವಾರ ಪಿತೃಪಕ್ಷದ ಹಬ್ಬ ಮಾಡಿದೆವು. ಮಾಡಿದೆವು ಏನು ಬಂತು, ನಾನು ಮಾಡಿದೆ. ಹಬ್ಬ ಇನ್ನು ಎಂಟು ದಿನವಿದೆ ಎನ್ನುವಾಗ, ಈ ಸಲ ಕಜ್ಜಾಯದ ಹಿಟ್ಟು ನಾನು ಕಲಸುತ್ತೇನೆ ಎಂದ ಒಂದು ಮಾತಿಗೆ, ಹಿರಿಯರ ಕಳಶವನ್ನು ಬ್ಯಾಗಿಗೆ ತುರುಕಿಕೊಂಡು ಮಗಳ ಮನೆಗೆ ಬಸ್ ಹತ್ತಿದಿರಿ. "ನಾನಿಲ್ದೆ ಅದೆಂಗೆ ಅಬ್ಬ ಮಾಡೀಯೆ, ನಾನೂ ನೋಡ್ತೀನಿ" ಎಂದಿರಿ. ಮದುವೆಯಾಗಿ ಬಂದ ವರ್ಷ ನನ್ನ ಕಜ್ಜಾಯ ಎಣ್ಣೆಯಲ್ಲಿ ಒಡೆದು ಚೂರಾದಾಗಲೂ ಹಾಗೆಯೇ, ನೆಂಟರೆಲ್ಲರ ಮುಂದೆ, "ಇವ್ಳು ಎಡೆ ಇಕ್ಕುದ್ರೆ ನಮ್ಮ ಇರೀಕರು ಅಸ್ಕೊಂಡೇ ವಾಪಸ್ ಓಯ್ತಾರೆ ಕಣ್ರವ್ವ" ಎಂದು ನಕ್ಕಿರಿ. ಆವತ್ತು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದೆ. ಹತ್ತೊಂಬತ್ತು ವರ್ಷ ಎಡೆಯ ಹತ್ತಿರ ಸೇರಿಸದೆ ಪಾತ್ರೆ ತೊಳೆಸಿದಿರಿ. ಒಂದನ್ನೂ ನಾನು ಮರೆತಿಲ್ಲ.

ನಿಮ್ಮ ಮಗ, "ಉಣ್ಸೂರಲ್ಲಿ ಅಂಗ್ಡಿ ಕಜ್ಜಾಯ ಸಿಕ್ತವೆ ಬುಡು, ಇಲ್ದಿದ್ರೆ ಈ ವರ್ಸ ಅಬ್ಬಾನೇ ಬ್ಯಾಡ" ಎಂದರು. ಹಬ್ಬ ನಿಂತರೆ ನೀವು ಗೆದ್ದಂತೆ. ಬಿಡುತ್ತೇನೆಯೇ? ನೀವು ಹನ್ನೆರಡು ವರ್ಷದಿಂದ ಮಾತು ಬಿಟ್ಟಿರುವ ನಿಮ್ಮ ವಾರಗಿತ್ತಿ ಯಶೋದಮ್ಮನವರನ್ನೇ ಬಿಳಿಕೆರೆಯಿಂದ ಕರೆಸಿದೆ. ನಿಮಗೆ ಬೆಲ್ಲದ ಪಾಕ ಕಲಿಸಿದ ಅತ್ತೆಯೇ ಅವರಿಗೂ ಕಲಿಸಿದ್ದಲ್ಲವೇ? ಹೊಸ ಕಳಶ ತಂದೆ. ಮಾವನವರಿಗೆ ಹೊಸ ಪಂಚೆ, ಮಟನ್ ಸಾರು, ವಡೆ, ಕಜ್ಜಾಯ, ಕೊನೆಗೆ ಬೀಡಿ ಕಟ್ಟು ಕೂಡ, ಒಂದೂ ಬಿಡದೆ ಎಡೆ ಇಟ್ಟೆ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆಳೆದು ಎಲ್ಲರೂ ಜಗಲಿಯಲ್ಲಿ ಕೂತೆವು. ನಿಮ್ಮ ಜಾಗದಲ್ಲಿ ಯಶೋದಮ್ಮ ಕೂತಿದ್ದರು. ಊಟಕ್ಕೆ ಬಂದ ಪಕ್ಕದ ಮನೆ ನಂಜಣ್ಣ ನಿಮ್ಮ ಹೆಸರನ್ನೇ ಎತ್ತಿ, "ಪುಟ್ಟತಾಯಕ್ಕನ ಕಜ್ಜಾಯಕ್ಕಿಂತ ಇವೇ ಮೆತ್ಗವೆ ಕಣವ್ವ" ಎಂದಾಗ ನನ್ನ ಹೊಟ್ಟೆ ತಣ್ಣಗಾಯಿತು. ಸೇಡು ಅಂತೀರಾ? ಹೌದು, ಸೇಡೇ. ನಿಮ್ಮ ಮೊಮ್ಮಗಳು ಹೇಮಶ್ರೀಗೂ ಪಾಕ ಕಲಿಸಿದ್ದೇನೆ. ನೀವು ಮುಚ್ಚಿಟ್ಟದ್ದು ಇನ್ನು ಈ ಮನೆ ಬಿಟ್ಟು ಹೋಗುವುದಿಲ್ಲ.

ಡಬ್ಬಿಯಲ್ಲಿ ಎಡೆಗಿಟ್ಟ ಕಜ್ಜಾಯ ಕಳಿಸಿದ್ದೇನೆ. ಹಿರಿಯರ ಪ್ರಸಾದ, ಒಲ್ಲೆ ಎನ್ನುವಂತಿಲ್ಲ, ತಿನ್ನಲೇಬೇಕು. ಪವಿತ್ರಾಳ ಮಕ್ಕಳಿಗೆ ನನ್ನ ಮುದ್ದು.

ನಿಮ್ಮ ಕಾಲಿಗೆ ಬೀಳುವ,
ಶಾಂತಲಾ

ಇನ್ನೊಂದು ಮಾತು. ಕಾಗದ ಒಯ್ಯುವ ನಂಜಣ್ಣ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ಮಗಳ ಮನೆಯಲ್ಲಿ ಹೆತ್ತವರಿಗೆ ಎಡೆ ಇಡುವ ಪದ್ಧತಿಯಿಲ್ಲ, ನೀವೇ ಹೇಳುತ್ತಿದ್ದಿರಿ. ನೂರು ವರ್ಷ ಬಾಳಿ ಅತ್ತೆಮ್ಮ, ಆಮೇಲಾದರೂ ನಿಮ್ಮ ಎಡೆ ಈ ಮನೆಯಲ್ಲೇ, ನನ್ನ ಕೈಯಲ್ಲೇ. ನಿಮಗೆ ಏನೇನು ಇಷ್ಟ ಎಂದು ಆಯುಧಪೂಜೆಯೊಳಗೆ ಬಂದು, ನನ್ನೆದುರು ಕೂತು, ನಿಮ್ಮ ಬಾಯಲ್ಲೇ ಹೇಳಿ. ಬಾರದಿದ್ದರೆ ವರ್ಷಾ ವರ್ಷಾ ಹಾಗಲಕಾಯಿ ಗೊಜ್ಜೇ.