ಉಫ್ ಅನ್ನೋ ಮುಂಚೆ ಓದಿ

ಅಪ್ಪಾ,

ಮಗಳ ಮಾತು ಅಂತ ತಳ್ಳಿಹಾಕಬೇಡಿ, ಫೈಬರ್ ಲೈನ್ ಜೋಡಿಸೋಳ ಮಾತು ಅಂತ ಕೇಳಿ. ಮೇಜಿನ ಮೇಲಿರೋ ಹಳದಿ ಕೇಬಲ್ಲಿನ ತುದಿಗೆ ಊದಬೇಡಿ. ಮೂವತ್ತು ವರ್ಷ ದೂಳು ಊದಿದ ನಿಮ್ಮ ಬಾಯಿಗಾಳಿಯೇ ಅರ್ಧ ರೇಡಿಯೋ ರಿಪೇರಿ ಅಂಗಡಿ ನಡೆಸಿತು, ಒಪ್ಪಿದೆ. ಆದರೆ ಇದು ಗಾಜಿನ ಎಳೆ. ಉಸಿರಿನ ತೇವ ಕೂತರೆ ಬೆಳಕು ಅಲ್ಲೇ ಮುಗ್ಗರಿಸುತ್ತೆ. ನಿನ್ನೆ ನೀವು ‘ಉಫ್’ ಅಂತ ಊದಿದ್ದಕ್ಕೆ ನಾನು ಆಸ್ಪತ್ರೆ ಲೈನಿಗೆ ಎರಡು ಸಲ ಏಣಿ ಹತ್ತಿದೆ.

ತುದಿಯ ಮುಚ್ಚಳ ತೆಗೀಬೇಡಿ. ಅಂಗಿ ಚುಂಗಿನಿಂದ ಒರೆಸೋ ಉಪಕಾರವೂ ಬೇಡ.

ಇನ್ನೊಂದು ಮಾತು, ಇದು ತಮಾಷೆ ಅಲ್ಲ. ಆನ್ ಇದ್ದ ಮೆಷಿನ್ನಿನ ಕೇಬಲ್ಲನ್ನ ಕಣ್ಣಿಗೆ ಹಿಡಿದು, “ಬೆಳಕೇ ಇಲ್ಲ, ಇದು ಸತ್ತಿದೆ” ಅಂದ್ರಲ್ಲ, ಅದು ಸತ್ತಿರಲಿಲ್ಲ. ಆ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಕಣ್ಣನ್ನೇ ಸುಡಬಹುದು. ಮೊನ್ನೆ ತಾನೇ ಆಪರೇಷನ್ ಆದ ಕಣ್ಣು ಅದು. ನನ್ನ ಮೊದಲ ಬೆಸುಗೆಯ ತಪ್ಪು ಹಿಡಿದ ಕಣ್ಣೂ ಅದೇ. ನನಗಿನ್ನೂ ಬೇಕು.

ಇಷ್ಟಾದ ಮೇಲೂ ಬಾಯಿ ಸುಮ್ಮನಿರದಿದ್ದರೆ, ಅಡುಗೆಮನೆಯಲ್ಲಿ ಹಾಲಿದೆ, ಕಾಯಿಸಿ. ಉಕ್ಕಿ ಬಂದಾಗ ಹೊಟ್ಟೆ ತುಂಬ ಊದಿ.