ಡ್ರಾಫ್ಟಿನಲ್ಲಿ ಇಬ್ಬರು

ನವೆಂಬರ್ 24, 2009, ಮಂಗಳವಾರ

ಬೆಳಿಗ್ಗೆಯಿಂದ ಫೋನೇ ಫೋನು. ಲೀಗಿನ ಕ್ರಿಕೆಟ್ ಮ್ಯಾಚುಗಳಿಗೆ ಸಾಫ್ಟ್‌ವೇರಿನಲ್ಲಿ ಅಂಪೈರುಗಳನ್ನು ಹಾಕುವ ಕೆಲಸ ನನ್ನದು. ಈ ಅಂಪೈರುಗಳಿಗೆ ಹೇಳುವುದೆಂದರೆ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ. ಡ್ರಾಫ್ಟ್ ಅಂದರೆ ನನಗೆ ಮಾತ್ರ ಕಾಣುವುದು. ನಾನು ಪಬ್ಲಿಷ್ ಒತ್ತಿದ ಮೇಲೆ ನಿಮ್ಮ ಮೊಬೈಲಿಗೆ ಮೆಸೇಜ್, ಆಮೇಲೆ ನೀವು ಅಕ್ಸೆಪ್ಟ್ ಒತ್ತಿ. ಇಷ್ಟೇ. ಆದರೂ ಬಂಗಾಳಿಯಲ್ಲಿ ಅಕ್ಕ ಎಂದು ಕರೆದು, "ಮುಕ್ತಾದಿ, ನನ್ನ ಮ್ಯಾಚ್ ಯಾವುದು?"

ಮನೆಗೆ ಬಂದರೆ ಅಲ್ಲೂ ಒಬ್ಬ ಅಂಪೈರು, ಗಣಪಯ್ಯನವರು — ನನ್ನ ಅಪ್ಪಯ್ಯ. ಜಾದವ್‌ಪುರದ ಹೋಟೆಲು ಬಿಟ್ಟರೆ ಅವರಿಗಿದ್ದದ್ದು ಭಾನುವಾರದ ಬಿಳಿ ಕೋಟೊಂದೇ. ಸೆಪ್ಟೆಂಬರಿನಲ್ಲಿ ಹಾರ್ಟ್ ಅಟ್ಯಾಕ್ ಆದ ಮೇಲೆ ಡಾಕ್ಟರು ಖಡಾಖಂಡಿತ ಹೇಳಿದ್ದಾರೆ — ಬಿಸಿಲಿನಲ್ಲಿ ನಿಲ್ಲಕೂಡದು. ಕೇಳುವ ಜನವೇ?

"ಎಂತ ಮಾರಾಯ್ತಿ, ನನ್ನ ಹೆಸರು ಹಾಕಿದ್ಯಾ ಇಲ್ವಾ?"

ಇವತ್ತು ತಡೆಯಲಾರದೆ ಲ್ಯಾಪ್‌ಟಾಪ್ ತೆರೆದು ಕಣ್ಣೆದುರೇ ಡ್ರಾಫ್ಟಿನಲ್ಲಿ ಹಾಕಿದೆ. ಡಿಸೆಂಬರ್ 6, ಮೈದಾನದ ಮೂರನೇ ಪಿಚ್. ನೋಡಿ ಖುಷಿಯಾದರು. ಪಬ್ಲಿಷ್ ಮಾಡಿದರಲ್ಲವೇ ಮ್ಯಾಚು! ಕೇಳಿದರೆ "ಇನ್ನೂ ಫೈನಲ್ ಆಗಲಿಲ್ಲ ಅಪ್ಪಯ್ಯ" ಎಂದರಾಯಿತು.

ಪಕ್ಕದಲ್ಲಿ ಎರಡನೇ ಅಂಪೈರಿನ ಖಾಲಿ ಜಾಗವನ್ನು ಸಾಫ್ಟ್‌ವೇರೇ ತುಂಬಿತು. ಅಪ್ಪಯ್ಯನ ಹಳೆಯ ಜೋಡಿ — ಶಿಬನಾಥ್ ಕುಂಡು, ನಮ್ಮೆಲ್ಲರ ಶಿಬುದಾ.

ಶಿಬುದಾ ತೀರಿಹೋಗಿದ್ದು ಜುಲೈಯಲ್ಲಿ. ಹೆಸರು ಅಳಿಸಿದರೆ ಅವರು ಆಡಿಸಿದ ಹಳೆಯ ಮ್ಯಾಚುಗಳೂ ಅಳಿಸಿಹೋಗುತ್ತವೆಂದು ಹಾಗೇ ಬಿಟ್ಟಿದ್ದೆ. ಇವತ್ತೂ ತೆಗೆಯಲಿಲ್ಲ. ಡ್ರಾಫ್ಟ್ ತಾನೆ… ಯಾರಿಗೆ ಗೊತ್ತಾಗಬೇಕು?

ಡಿಸೆಂಬರ್ 2

ಅಪ್ಪಯ್ಯನ ಹೆಸರಿನ ಮುಂದೆ ಹಸಿರು. ಅಕ್ಸೆಪ್ಟೆಡ್. ಶಿಬುದಾ ಹೆಸರಿನ ಮುಂದೆಯೂ.

ಡ್ರಾಫ್ಟನ್ನು ಯಾರೂ ಅಕ್ಸೆಪ್ಟ್ ಮಾಡಲಾಗದು. ಬಟನ್ನೇ ಇರುವುದಿಲ್ಲ. ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಕಂಪನಿಗೆ ಫೋನ್ ಮಾಡಿದೆ. "ರಿಫ್ರೆಶ್ ಮಾಡಿ ಮ್ಯಾಡಮ್." ನಿನ್ನ ತಲೆ!

ಡಿಸೆಂಬರ್ 7

ನಿನ್ನೆ ವಾಕಿಂಗ್ ಎಂದು ಹೊರಟ ಅಪ್ಪಯ್ಯ ಬಂದದ್ದು ಸಂಜೆ. ಬೂಟಿಗೆ ಹುಲ್ಲು. ಕೈ ಮುಟ್ಟಿದರೆ ಕೊರೆಯುವಷ್ಟು ತಣ್ಣಗೆ. ಇಡೀ ದಿನ ಬಿಸಿಲಿತ್ತು.

"ಎಲ್ಲಿಗೆ ಹೋಗಿದ್ರಿ?"

"ಮ್ಯಾಚಿಗೆ. ನೀನೇ ಹಾಕಿದ್ದಲ್ವಾ?"

"ಮೂರನೇ ಪಿಚ್ಚಿನಲ್ಲಿ ನಿನ್ನೆ ಮ್ಯಾಚೇ ಇರ್ಲಿಲ್ಲ ಅಪ್ಪಯ್ಯ."

"ಎಂತ ಇಲ್ಲ? ಶಿಬು ಸ್ಕ್ವೇರ್ ಲೆಗ್ಗಿನಲ್ಲಿ ನಿಂತಿದ್ದ. ಪಾಪ, ತುಂಬ ಸೊರಗಿದ್ದಾನೆ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಹಾರ್ಟಿನದು ಸಾಲದೆಂದು ತಲೆಗೂ ಏರಿತೇ ಎಂದು ನಾನೂ ಹೆದರಿದೆ.

ಇವತ್ತು ಆಫೀಸಿನಲ್ಲಿ ನೋಡಿದರೆ ಆ ಮ್ಯಾಚು ಡ್ರಾಫ್ಟಿನಲ್ಲೇ ಇದೆ. ಮುಗಿದಿದೆ ಎಂದೂ ಇದೆ. ಅಂಪೈರ್ ರಿಪೋರ್ಟಿನಲ್ಲಿ ಒಂದೇ ಸಾಲು: ಬೆಳಕು ಚೆನ್ನಾಗಿತ್ತು.

ಶಿಬುದಾ ಪ್ರತಿ ಸಲ ಬರೆಯುತ್ತಿದ್ದದ್ದು ಅದನ್ನೇ. ಮಂಜಿನಲ್ಲಿ ಬಾಲ್ ಕಾಣದೆ ಆಟ ನಿಲ್ಲಿಸಿದ ದಿನವೂ. ನಾವೆಲ್ಲ ನಗುತ್ತಿದ್ದೆವು.

ಎರಡೂ ಹೆಸರು ತೆಗೆದೆ.

ಡಿಸೆಂಬರ್ 16, ಬುಧವಾರ

ಹೆಸರುಗಳು ವಾಪಸ್ ಬಂದಿದ್ದವು. ನಿನ್ನೆಯ ತಾರೀಖಿಗೆ.

ನಿನ್ನೆ ಬಂದ್. ಬಸ್ಸಿಲ್ಲ, ಆಟೋ ಇಲ್ಲ, ಬೀದಿ ತಿರುವಿನ ಅಂಗಡಿಗೂ ಶಟರ್. ಮೈದಾನದಲ್ಲಿ ನಾಯಿಯೂ ಇದ್ದಿರಲಿಕ್ಕಿಲ್ಲ. ಆದರೂ ಅಮ್ಮ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಪ್ಪಯ್ಯ ಹಾಸಿಗೆಯಿಂದ ಏಳಲೇ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ.

ಸಂಜೆ ಹೊದಿಕೆ ಸರಿಸಿದರೆ — ಅಂಗಾಲಿಗೆಲ್ಲ ಒದ್ದೆ ಹುಲ್ಲು.

ಕೋಟು ಗೂಟದಲ್ಲೇ ಇತ್ತು. ಜೇಬಿಗೆ ಕೈ ಹಾಕಿದೆ. ಆರು ಹುಣಸೆಬೀಜ.

ಬೇರೆ ಅಂಪೈರುಗಳು ಬಾಲ್ ಎಣಿಸಲು ಕಲ್ಲು ಇಟ್ಟುಕೊಳ್ಳುತ್ತಾರೆ, ನಾಣ್ಯ ಇಟ್ಟುಕೊಳ್ಳುತ್ತಾರೆ. ಶಿಬುದಾಗೆ ನಮ್ಮ ಹೋಟೆಲಿನ ಹುಣಸೆಬೀಜವೇ ಆಗಬೇಕು. ಜುಲೈಯಲ್ಲಿ ಚಿತೆಗೆ ಇಡುವ ಮೊದಲು ಅಪ್ಪಯ್ಯನೇ ಅವರ ಜೇಬಿಗೆ ಹಾಕಿದ್ದರು. "ಇವಿಲ್ಲದಿದ್ದರೆ ಅವನಿಗೆ ಓವರ್ ಲೆಕ್ಕ ತಪ್ತದೆ" ಎಂದು ಅತ್ತಿದ್ದರು. ನಾನು ನೋಡಿದ್ದೇನೆ.

ಬೀಜಗಳು ಕರಿಕಟ್ಟಿದ್ದವು. ಕಿಟಕಿಯಿಂದ ಆಚೆ ಎಸೆದೆ.

ಡಿಸೆಂಬರ್ 21

ಅಪ್ಪಯ್ಯ ಇಳಿದುಹೋಗುತ್ತಿದ್ದಾರೆ. ಗಂಜಿಯೂ ಬೇಡ. ಇಸಿಜಿಯಲ್ಲಿ ಹೊಸದೇನೂ ಇಲ್ಲವಂತೆ. ದನಿ ಎಷ್ಟು ಸಣ್ಣಗಾಗಿದೆ ಎಂದರೆ ಬಾಯಿಯ ಹತ್ತಿರ ಕಿವಿ ಇಡಬೇಕು.

"ಭಾನುವಾರ ಮತ್ತೆ ಉಂಟು, ಮಗಾ. ಶಿಬು ಹೇಳಿದ."

ಉಂಟು. ನೋಡಿದೆ. 27ನೇ ತಾರೀಖು, ಇಬ್ಬರ ಹೆಸರೂ ಹಸಿರು. ತೆಗೆದರೆ ಬರುತ್ತದೆ, ಮ್ಯಾಚನ್ನೇ ಅಳಿಸಿದರೂ ಬರುತ್ತದೆ.

ಒಂದೇ ದಾರಿ ಹೊಳೆಯುತ್ತಿದೆ. ಒಂದು ಕಡೆ ಪಬ್ಲಿಷ್ ಆದವರನ್ನು ಅದೇ ದಿನ ಇನ್ನೊಂದು ಕಡೆ ಹಾಕಲು ಸಾಫ್ಟ್‌ವೇರ್ ಬಿಡುವುದಿಲ್ಲ. ಹಾಗಾದರೆ ಅಪ್ಪಯ್ಯನನ್ನು ನಿಜವಾದ ಮ್ಯಾಚಿಗೇ ಹಾಕಬೇಕು. ನಿಜವಾದ ಬಿಸಿಲಿಗೆ, ಆ ಹಾರ್ಟ್ ಇಟ್ಟುಕೊಂಡು. ಅತ್ತ ದರಿ ಇತ್ತ ಪುಲಿ.

ಅಮ್ಮನಿಗೆ ಹೇಳಿದೆ. "ಬದುಕಿದ್ದವರ ಜೊತೆ ನಿಲ್ಲಲಿ. ಹಾಕು" ಎಂದಳು.

ಜೊತೆಯ ಅಂಪೈರ್ ದೇವೇಂದ್ರ ಸರ್. ಧಾರವಾಡದವರು, ಇಲ್ಲಿನ ಯೂನಿವರ್ಸಿಟಿಯಲ್ಲಿ ಮೇಷ್ಟ್ರು, ಗಟ್ಟಿ ಮನುಷ್ಯ. ಫೋನಿನಲ್ಲಿ ಬೇಡಿಕೊಂಡೆ. "ಏ, ಚಿಂತಿ ಮಾಡಬ್ಯಾಡವಾ, ಗಣಪಯ್ಯನವರನ್ನ ನಾ ನೋಡ್ಕೋತೀನಿ" ಎಂದರು.

ಪಬ್ಲಿಷ್ ಒತ್ತಿದೆ. ಒಳಕೋಣೆಯಲ್ಲಿ ಅಪ್ಪಯ್ಯನ ಮೊಬೈಲು ಕಿಣಿ ಎಂದಿತು.

ಡಿಸೆಂಬರ್ 28

ದೇವರು ದೊಡ್ಡವನು. ನಿನ್ನೆ ಪೂರ್ತಿ ನಿಂತು ಬಂದರು. ಮೂಗು ಕೆಂಪಗೆ ಸುಟ್ಟಿದೆ. ಕೈ ಬೆಚ್ಚಗೆ! ಬಂದವರೇ ದೋಸೆ ತಿಂದು, ಚಟ್ನಿಗೆ ಉಪ್ಪಿಲ್ಲ ಎಂದು ಅಮ್ಮನ ಜೊತೆ ಜಗಳ. ಬಾತ್ರೂಮಿಗೆ ಹೋಗಿ ಅತ್ತೆ ನಾನು.

ಡ್ರಾಫ್ಟ್ ತೆರೆದು ನೋಡಲಿಲ್ಲ. ಧೈರ್ಯ ಬರಲಿಲ್ಲ.

ಜನವರಿ 5, 2010

ಶೋಭನಕ್ಕನ ಫೋನು. ದೇವೇಂದ್ರ ಸರ್ ಹೆಂಡತಿ.

"ನಿನ್ನಿ ತನಕಾ ಛಲೋ ಇದ್ರವ್ವಾ. ಮುಂಜಾನೆ ಎಬ್ಬಿಸಿದ್ರ ಏಳವಲ್ಲರು. ಐಸಿಯುದಾಗ ಇಟ್ಟಾರ. ಮೈಯೆಲ್ಲಾ ಥಣ್ಣಗ… ಏನೂ ಗೊತ್ತಾಗವಲ್ದು ಅಂತಾರ ಡಾಕ್ಟರು." ಬಿಕ್ಕಿದರು. "ಅಂಗೀ ಕಿಸೇದಾಗ ಹುಣಸಿಬೀಜ ಇದ್ವು. ಯಾಕ ಇಟ್ಕೊಂಡಿದ್ರೋ ಏನೋ."

ಡ್ರಾಫ್ಟ್ ತೆರೆದೆ. ಭಾನುವಾರ ಮುಗಿದ ಮ್ಯಾಚು ಒಂದು. ಶಿಬನಾಥ್ ಕುಂಡು, ದೇವೇಂದ್ರ. ಬೆಳಕು ಚೆನ್ನಾಗಿತ್ತು.

ಬರುವ ಭಾನುವಾರಕ್ಕೆ ಇನ್ನೊಂದು. ಅದೇ ಇಬ್ಬರು.

ಅಪ್ಪಯ್ಯನನ್ನು ಎಳೆದುಕೊಂಡೆ. ಆ ಜಾಗಕ್ಕೆ ಇವರನ್ನು ನಾನೇ ದೂಡಿದೆನಲ್ಲ. ಐಸಿಯುನಲ್ಲಿರುವವರನ್ನು ಪಬ್ಲಿಷ್ ಮಾಡಿ ಯಾವ ಮೈದಾನಕ್ಕೆ ಕರೆಸಲಿ?

ಜನವರಿ 6, ಬೆಳಿಗ್ಗೆ

ದೇವೇಂದ್ರ ಸರ್ ಹೆಸರು ತೆಗೆಯಲು ಹೋದೆ. ಇದುವರೆಗೆ ಕಾಣದ ಮೆಸೇಜು ಬಂತು — ಜಾಗ ಖಾಲಿ ಇಡುವಂತಿಲ್ಲ, ಇನ್ನೊಬ್ಬ ಅಂಪೈರನ್ನು ಆರಿಸಿ. ಕೆಳಗೆ ಎಲ್ಲರ ಹೆಸರು ಬಿಚ್ಚಿಕೊಂಡಿದೆ. ಡಮ್ ಡಮ್‌ನ ಅನಂತನಿಗೆ ಮೊನ್ನೆಯಷ್ಟೇ ಮಗಳು ಹುಟ್ಟಿದ್ದಾಳೆ. ನಂಜುಂಡಪ್ಪನವರಿಗೆ ಮಾರ್ಚಿನಲ್ಲಿ ರಿಟೈರ್‌ಮೆಂಟು. ಎಲ್ಲರ ಮನೆಯಲ್ಲೂ ಚಹಾ ಕುಡಿದಿದ್ದೇನೆ ನಾನು. ಯಾರನ್ನು ಆರಿಸಲಿ?

ಶೋಭನಕ್ಕ ಮತ್ತೆ ಫೋನ್ ಮಾಡಿದ್ದರು. ಉಸಿರು ಇಳಿಯುತ್ತಿದೆಯಂತೆ.

ಅಪ್ಪಯ್ಯ ಯಾವಾಗ ಎದ್ದರೋ, ಹಿಂದೆ ಬಂದು ನಿಂತಿದ್ದಾರೆ. ಬುಧವಾರವೇ ಸ್ನಾನ ಮಾಡಿ ಭಾನುವಾರದ ಬಿಳಿ ಕೋಟು ಹಾಕಿದ್ದಾರೆ. ಸ್ಕ್ರೀನ್ ಮುಚ್ಚಲು ಹೋದೆ. ಕೈ ಹಿಡಿದರು. ಬೆಚ್ಚಗಿನ ಕೈ.

"ದೇವೇಂದ್ರನ ಮಕ್ಕಳು ಇನ್ನೂ ಓದ್ತಾ ಇದ್ದಾರೆ, ಮಗಾ. ಅವನನ್ನ ಬಿಡು."

"ಅಪ್ಪಯ್ಯ, ಬೇಡ."

"ಶಿಬುಗೆ ಹೊಸಬರ ಜೊತೆ ಆಗಿ ಬರುದಿಲ್ಲ ಮಾರಾಯ್ತಿ. ನಾನಾದ್ರೆ ಗೊತ್ತಿದ್ದವ." ನಕ್ಕರು. "ನೀನು ಒತ್ತುದು ಬೇಡ. ನಾನೇ ಒತ್ತುತ್ತೇನೆ, ಎಲ್ಲಿ ಅಂತ ತೋರಿಸು ಸಾಕು."

ಅಮ್ಮನನ್ನು ಕೂಗಬೇಕು. ಅವರ ಬೆರಳು ಪಟ್ಟಿಯಲ್ಲಿ ಇಳಿಯುತ್ತಿದೆ… ತಮ್ಮ ಹೆಸರಿನ ಮೇಲೆ ನಿಂತಿದೆ. ನನ್ನ ಮುಖವನ್ನೇ ನೋಡುತ್ತಿದ್ದಾರೆ. ಹೂಂ ಎಂದೋ ಬೇಡ ಎಂದೋ, ಒಂದು ಮಾತು ನಾನು ಹೇಳಲೆಂದು ಕಾಯುತ್ತಿದ್ದಾರೆ.