ಜೊವೆಲಿನ್ ಯಾರಿಗೆಲ್ಲ ವಂದಿಸಿದಳು

ಬಕವಾನ್,
ಏಪ್ರಿಲ್ ಒಂಬತ್ತು

ಮಗನೇ ಟೆಯೋ,

ನಿನಗೆ ನನ್ನ ಆಶೀರ್ವಾದ. ನಿನಗಿಂತ ಮೊದಲು ಇದನ್ನು ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಇದರೊಳಗೆ ಗರಗಸ ಇಲ್ಲ ಸ್ವಾಮಿ, ಮುದುಕಿಯ ಗೊಣಗಾಟ ಮಾತ್ರ ಇದೆ.

ಪತ್ರ ತಡವಾಯಿತು, ಸಿಟ್ಟಾಗಬೇಡ. ಇಷ್ಟು ದಿನ ನಾನು ಹೇಳುತ್ತಿದ್ದೆ, ನಿನ್ನ ಮಗಳು ಬರೆಯುತ್ತಿದ್ದಳು. ಈ ಸಲ ನಾನೇ ಕೂತಿದ್ದೇನೆ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳ ಅಕ್ಷರ, ಏಡಿ ನಡೆದ ಹಾಗೆ ಕಾಣುತ್ತದೆ. ಹೇಗೋ ಓದಿಕೋ.

ಜೊವೆಲಿನ್ ಹೈಸ್ಕೂಲು ಮುಗಿಸಿದಳು, ಇಡೀ ಶಾಲೆಗೆ ಮೊದಲನೆಯವಳಾಗಿ. ನಾನು ಜಂಬ ಪಡಲಿಲ್ಲ ಎಂದರೆ ಸುಳ್ಳಾದೀತು. ನೀರಿಗೆ ಹೋದಲ್ಲೆಲ್ಲ ಅದನ್ನೇ ಹೇಳಿದೆ. ಕೊನೆಗೆ ಹೆಂಗಸರು ನನ್ನನ್ನು ಕಂಡರೆ ಕೊಡ ಬೇಗ ತುಂಬಿಸಿಕೊಂಡು ಹೊರಡುತ್ತಿದ್ದರು. ಸಮಾರಂಭದ ದಿನ ಭಾಷಣದಲ್ಲಿ ಅವಳು ನಿನ್ನ ಹೆಸರು ಹೇಳುತ್ತಾಳಾ ಎಂದು ನೀನು ಹಿಂದಿನ ಪತ್ರದಲ್ಲಿ ಕೇಳಿದ್ದೆ. ಅದಕ್ಕೆ ಬರುತ್ತೇನೆ, ತಾಳು.

ಅವಳು ಪಟ್ಟ ಪಾಡು ನಿನಗೂ ಪೂರ್ತಿ ಗೊತ್ತಿಲ್ಲ. ಬಿರುಗಾಳಿಗೆ ಶಾಲೆಯ ಚಾವಣಿ ಹಾರಿಹೋದ ಮೇಲೆ ಮಕ್ಕಳು ಟಾರ್ಪಾಲಿನ ಕೆಳಗೆ ಕೂತು ಓದಿದವು. ಉಬ್ಬರವಿದ್ದ ದಿನ ಇವಳು ಸಮವಸ್ತ್ರವನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ತಲೆಯ ಮೇಲಿಟ್ಟುಕೊಂಡು, ಎದೆಮಟ್ಟದ ನೀರು ದಾಟಿ ಶಾಲೆಗೆ ಹೋಗುತ್ತಿದ್ದಳು. ಗಣಿಯ ಕೆಮ್ಮಣ್ಣು ಇಳಿದು ಆ ನೀರು ಈಗ ಇಟ್ಟಿಗೆ ತೊಳೆದ ಹಾಗಿದೆ. ಹೊಟ್ಟೆಗೆ ಆಗುವಷ್ಟು ಮೀನು ಕೂಡ ಬಲೆಗೆ ಬೀಳುವುದಿಲ್ಲ. ಗಣಿಯ ಲಾರಿಗಳಿಗೆ ಅಡ್ಡ ಮಲಗಿ ನೀನು ಪೊಲೀಸರ ಕೈಗೆ ಸಿಕ್ಕ ದಿನ ನಿನ್ನ ಪಕ್ಕದಲ್ಲೇ ಮಲಗಿದ್ದನಲ್ಲ ಕುಲಾಸ್, ಅವನು ಈಗ ಗಣಿ ಕಂಪನಿಯ ಗೇಟು ಕಾಯುತ್ತಾನೆ. ಬೈಯಲೆಂದೇ ಹೋಗಿದ್ದೆ. "ಏನ್ ಮಾಡ್ಲಿ ಚಿಕ್ಕಮ್ಮಾ, ಮೀನು ತಾನಾಗೇ ಬಂದು ಬಾಗ್ಲು ತಟ್ಟುತ್ತಾ?" ಎಂದ. ಅವನ ಮಗುವಿನ ಕೈಯಲ್ಲಿ ಬಿಸ್ಕತ್ತು ಇತ್ತು. ಸುಮ್ಮನೆ ಬಂದುಬಿಟ್ಟೆ.

ಸಮಾರಂಭ ನಡೆದದ್ದು ಹೊಸ ಸಭಾಂಗಣದಲ್ಲಿ. ಕಟ್ಟಿಸಿಕೊಟ್ಟವರು ಯಾರೆಂದು ಬೇರೆ ಹೇಳಬೇಕೇ? ಒಂದು ವಾರ ಮುಂಚೆ ವಿಲ್ಮಾ ಟೀಚರ್ ಮನೆಗೆ ಬಂದಿದ್ದರು. "ಅಜ್ಜೀ, ಮನಿಲಾದಿಂದ ಹೊಸ ಮ್ಯಾನೇಜರ್ ಬಂದಿದಾರೆ, ಒಳ್ಳೇ ಮನುಷ್ಯ. ಇವಳ ಕಾಲೇಜು, ಊಟ, ವಸತಿ ಎಲ್ಲಾ ಕಂಪನಿಯೋರೇ ನೋಡ್ಕೋತಾರಂತೆ. ಭಾಷಣದಲ್ಲಿ ಒಂದು ವಂದನೆ ಹೇಳ್ಲಿ, ಅಷ್ಟೇ" ಎಂದರು.

ಟೀಚರ್ ಮೆಟ್ಟಿಲಿಳಿದದ್ದೇ ತಡ, ಇವಳು ಪಾತ್ರೆ ಕುಕ್ಕಿದಳು. "ನಾನ್ ಹೇಳಲ್ಲ ಅಜ್ಜಿ. ನಾಲಿಗೇನೇ ಹೊರಳಲ್ಲ."

"ಹೊರಳತ್ತೆ ಕಣೇ, ಅನ್ನದ ವಿಷಯ ಬಂದ್ರೆ ಎಲ್ಲರ ನಾಲಿಗೇನೂ ಹೊರಳತ್ತೆ. ಈಗ ಹೇಳು, ಓದು ಮುಗಿಸು. ಆಮೇಲೆ ಬೇಕಾದ್ರೆ ಅವರ ಮುಖಕ್ಕೆ ಉಗಿ" ಎಂದೆ.

ಅವಳು ಟೀಚರ್ ಜೊತೆ ಕೂತು ಭಾಷಣ ಬರೆದುಕೊಂಡಳು, ನನಗೆ ಓದಿ ಹೇಳಲಿಲ್ಲ.

ಆ ದಿನ ಹೆಸರು ಕರೆದಾಗ ಹೆತ್ತವರು ಜೊತೆಗೆ ವೇದಿಕೆ ಹತ್ತಿ ಪದಕ ಹಾಕಬೇಕಲ್ಲ. ಅವಳ ತಾಯಿ ಮಣ್ಣಲ್ಲಿದ್ದಾಳೆ, ನೀನು ಅಲ್ಲಿದ್ದೀಯ. ನಾನೇ ಹತ್ತಿದೆ. ಕಾಲಿಗೆ ಪಕ್ಕದ ಮನೆಯವಳ ಚಪ್ಪಲಿ, ಒಂದು ಅಳತೆ ದೊಡ್ಡದು, ಮೆಟ್ಟಿಲಲ್ಲಿ ಬಿದ್ದೇಬಿಡುತ್ತೇನೆ ಅನ್ನಿಸಿತ್ತು. ಬಿಳಿ ನಿಲುವಂಗಿಯಲ್ಲಿ ನಿನ್ನ ಮಗಳು ಎಷ್ಟು ಚೆನ್ನಾಗಿ ಕಂಡಳೆಂದರೆ, ದೃಷ್ಟಿ ತಾಗೀತೆಂದು ನಾನೇ ನೆಲ ನೋಡಿದೆ. ಬಗ್ಗಿ ಪದಕ ಹಾಕಿಸಿಕೊಂಡು, ನನ್ನ ಕೈಯನ್ನು ಹಣೆಗೆ ಒತ್ತಿಕೊಂಡಳು. ಆ ಗಳಿಗೆ ನಿನ್ನದು, ಟೆಯೋ. ನಿನ್ನಿಂದ ಕಿತ್ತುಕೊಂಡವರಿಗೆ ಒಳ್ಳೆಯದಾಗದಿರಲಿ.

ಆಮೇಲೆ ಭಾಷಣ. ದೇವರಿಗೆ ವಂದಿಸಿದಳು, ಟೀಚರುಗಳಿಗೆ ವಂದಿಸಿದಳು. "ಚಾಪೆ ಹೆಣೆದು ನನ್ನ ಓದಿಸಿದ ಅಜ್ಜಿಗೆ" ಎಂದಾಗ ನನಗೆ ಅಳು ತಡೆಯಲಾಗಲಿಲ್ಲ. ಕಂಪನಿಯ ದೊಡ್ಡ ಮನಸ್ಸಿಗೂ ವಂದಿಸಿದಳು, ಒಂದು ಕಡೆಯೂ ತಡವರಿಸಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೀನಿಲ್ಲದೆ ಬಲೆ ಮಾರಿಕೊಂಡವರೇ ಜೋರಾಗಿ ತಟ್ಟಿದರು.

ಮನೆಯಲ್ಲಿ ಪನ್ಸಿತ್ ಮಾಡಿದ್ದೆ. ಆಯುಸ್ಸು ಉದ್ದವಾಗಲಿ ಎಂದು ಶಾವಿಗೆ ಮುರಿಯದೆ ಬೇಯಿಸಿದ್ದೆ. ಅವಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಜೂನ್‌ನಲ್ಲಿ ಕಾಲೇಜಿಗೆ ಹೊರಡುತ್ತಾಳೆ.

ಕೆಮ್ಮು ಹೇಗಿದೆ? ತಣ್ಣೀರು ಮೈಮೇಲೆ ಸುರಿದುಕೊಳ್ಳಬೇಡ. ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಕನ್ಯಾಮಾತೆ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಪೆಲಾಜಿಯಾ

ತಾ.ಕ. ಪತ್ರ ಮಡಚಿದ್ದೆ. ನೀನು ಕೇಳಿದ್ದಕ್ಕೆ ಉತ್ತರ ಹೇಳದೆ ಕಳಿಸಲು ಮನಸ್ಸಾಗಲಿಲ್ಲ. ಹೇಳಿದಳು ಮಗನೇ, ನಿನ್ನ ಹೆಸರು ಹೇಳಿದಳು. "ಮೀನು ಹಿಡಿಯಲು ಹೋಗಿ ಸಮುದ್ರದಲ್ಲಿ ತೀರಿಕೊಂಡ ನನ್ನ ತಂದೆ ಟೆಯೋಫಿಲೋ ಅವರಿಗೆ ಈ ಪದಕ" ಎಂದಳು. ಜೈಲಿನಲ್ಲಿರುವವನ ಮಗಳನ್ನು ಕಂಪನಿ ಓದಿಸುವುದಿಲ್ಲ ಎಂದು ಟೀಚರ್ ಹೇಳಿದ್ದರಂತೆ. ನನಗೆ ಆಮೇಲೆ ತಿಳಿಯಿತು. ಹೊಸ ಮ್ಯಾನೇಜರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಂದು ನಿಮಿಷ ಮೌನವಾಗಿ ಎದ್ದು ನಿಲ್ಲಿ ಎಂದರು. ಇಡೀ ಊರಿಗೆ ಗೊತ್ತು ನೀನು ಎಲ್ಲಿದ್ದೀಯೆಂದು. ಇಡೀ ಊರು ಎದ್ದು ನಿಂತಿತು. ಕುಲಾಸ್ ಟೋಪಿ ತೆಗೆದ. ನಾನು ಇನ್ನೂ ವೇದಿಕೆಯ ಮೇಲೇ ಇದ್ದೆ, ಟೆಯೋ. ಅವಳು ನನ್ನ ಮುಖ ನೋಡಿದಳು. ನಾನೂ ತಲೆ ತಗ್ಗಿಸಿದೆ.

ಇಲ್ಲಿಗೆ ಬರುವ ಪತ್ರಗಳೆಲ್ಲ ಶಾಲೆಯ ವಿಳಾಸಕ್ಕೇ ಬರುವುದು. ಇನ್ನು ಮುಂದೆ ಲಕೋಟೆಯ ಮೇಲೆ ನಿನ್ನ ಹೆಸರು ಬರೆಯಬೇಡ, ಮಗನೇ.